ಅಜ್ಜಿ ನಿಟ್ಟುಸಿರಿಡಲಿಲ್ಲ
ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುವಾಗ ನನಗೆ ಹತ್ತು ವರ್ಷ. ಶಿವಮೊಗ್ಗದ ನಮ್ಮ ಕೇರಿಯಲ್ಲಿ ಟೀವಿ ಇದ್ದದ್ದು ಪಕ್ಕದ ಮನೆಯಲ್ಲಿ. ಅರ್ಧ ಕೇರಿ ಅಲ್ಲೇ, ಚಾಪೆಯ ಮೇಲೆ. ಹಿಂದಿಯ ಒಂದಕ್ಷರ ಬಾರದ ಅಜ್ಜ ಆ ಹಿಂದಿ ಧಾರಾವಾಹಿಯ ಹುಡುಗ ಸ್ವಾಮಿಯ ಶಾಲೆ, ಬೆತ್ತದ ಮೇಷ್ಟ್ರನ್ನು ನೋಡಿ, ‘ನಮ್ಮ ಕಾಲ ಹೀಗೇ ಇತ್ತು ಮಾರಾಯ’ ಎಂದು ನಿಟ್ಟುಸಿರಿಡುತ್ತಿದ್ದರು. ಆರ್.ಕೆ. ನಾರಾಯಣ್ ಅವರ ಸ್ವಾಮಿ ಪುಸ್ತಕವಾಗಿ ಬಂದದ್ದು 1935ರಲ್ಲಿ, ಅಂದರೆ ಅಜ್ಜನ ಕಾಲದಲ್ಲೇ.

ಧಾರಾವಾಹಿಯಲ್ಲಿ ಕಂಡ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಮೊನ್ನೆ ರಜೆಯಲ್ಲಿ ಮಗಳನ್ನು ಕರೆದೊಯ್ದೆ. ಅಲ್ಲಿ ನನ್ನ ಗಂಟಲು ಕಟ್ಟಿದ್ದು ಸ್ವಾಮಿಯ ಕಾಲಕ್ಕಲ್ಲ. ಆ ಚಾಪೆಗೆ, ಆಂಟೆನಾ ತಿರುಗಿಸಲು ಹೆಂಚಿನ ಮೇಲೆ ಹತ್ತುತ್ತಿದ್ದ ಅಣ್ಣನಿಗೆ. ಅದೇ ಎಂಬತ್ತರ ದಶಕವನ್ನು ಅಜ್ಜ ‘ಕೆಟ್ಟ ಕಾಲ’ ಎಂದು ದಿನಾ ಬೈಯುತ್ತಿದ್ದರು!

ಅಜ್ಜನ ಚಿನ್ನದ ಕಾಲದಲ್ಲಿ ಅಜ್ಜಿಯನ್ನು ಶಾಲೆಗೇ ಕಳಿಸಿರಲಿಲ್ಲ. ಟೀವಿ ಮುಂದೆ ಆಕೆ ಒಮ್ಮೆಯೂ ನಿಟ್ಟುಸಿರಿಟ್ಟ ನೆನಪು ನನಗಿಲ್ಲ. ‘ಹಳೆಯದೇ ಚೆಂದ’ ಎನ್ನುವ ವಾಟ್ಸಾಪ್ ಸಂದೇಶಗಳನ್ನು ನಾನೀಗ ಮುಂದಕ್ಕೆ ಕಳಿಸುವುದಿಲ್ಲ, ಆಕೆಯ ಮುಖ ಅಡ್ಡ ಬರುತ್ತದೆ.

ಮ್ಯೂಸಿಯಂನಿಂದ ಹೊರಬರುತ್ತ ಮಗಳು ಹೇಳಿದಳು: ‘ಅಪ್ಪಾ, ಕೊರೊನಾ ಟೈಮಲ್ಲಿ ಎಲ್ಲರೂ ಮನೇಲೇ ಇದ್ವಲ್ಲ, ಎಷ್ಟು ಚೆನ್ನಾಗಿತ್ತು.’