ಚಾರ್‌ಮಿನಾರಿನ ಚೌಕ ಮತ್ತು ಕನ್ನಡದ ಅಧ್ಯಯನ

ಹೈದರಾಬಾದಿನ ಚಾರ್‌ಮಿನಾರಿಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ನೋಡಿ ಹೋಗುವುದು ಕಟ್ಟಡವೊಂದನ್ನು ಮಾತ್ರ. ಮಿನಾರುಗಳನ್ನು ತಲೆಯೆತ್ತಿ ನೋಡಿ, ಲಾಡ್ ಬಜಾರಿನಲ್ಲಿ ಬಳೆ ಕೊಂಡರೆ ಅವರ ಭೇಟಿ ಮುಗಿಯಿತು. ಆದರೆ 1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ್ದು ಒಂಟಿ ಸ್ಮಾರಕವನ್ನಲ್ಲ. ಗೋಲ್ಕೊಂಡದಿಂದಾಚೆಗೆ, ಮೂಸಿ ನದಿಯ ದಕ್ಷಿಣಕ್ಕೆ ಹೊಸ ನಗರವನ್ನು ನೆಲೆಗೊಳಿಸುವಾಗ ಅದರ ನಡುಬಿಂದುವಾಗಿ ಚಾರ್‌ಮಿನಾರನ್ನು ನಿಲ್ಲಿಸಲಾಯಿತು. ನಾಲ್ಕು ದಿಕ್ಕಿನ ಹೆದ್ದಾರಿಗಳು ಅದರ ನಾಲ್ಕು ಕಮಾನುಗಳೆದುರು ಬಂದು ಕೂಡುತ್ತವೆ. ಪಿಡುಗೊಂದು ನಿಂತ ನೆನಪಿಗಾಗಿ ಕಟ್ಟಿಸಿದರೆಂಬ ಐತಿಹ್ಯ ಏನೇ ಇರಲಿ, ಆ ದಾರಿಗಳನ್ನು ಬಿಟ್ಟು ಈ ಕಟ್ಟಡವನ್ನು ಅರ್ಥೈಸಲಾಗದು.

ಈ ಮಾತು ಮನದಟ್ಟಾಗಬೇಕಾದರೆ ಉತ್ತರಕ್ಕೆ ತುಸು ದೂರ ನಡೆದು ಗುಲ್ಜಾರ್ ಹೌಜಿನ ಬಳಿ ನಿಲ್ಲಬೇಕು. ಈ ಪುಟ್ಟ ಕಾರಂಜಿಯ ಸುತ್ತ ನಾಲ್ಕು ದಿಕ್ಕಿಗೂ ಎತ್ತರದ ಕಮಾನುಗಳಿವೆ. ಚಾರ್ ಕಮಾನ್ ಎಂಬ ಹೆಸರು ಇವುಗಳಿಂದಲೇ ಬಂದದ್ದು. ಇವುಗಳ ನಡುವಣ ವಿಶಾಲವಾದ ಚೌಕ ಅರಮನೆಯ ಮುಂದಿನ ಅಂಗಳವಾಗಿತ್ತು. ಪಶ್ಚಿಮದ ಕಮಾನಿನ ಮೂಲಕ ಅರಮನೆಗೆ ಪ್ರವೇಶವಿತ್ತು. 1687ರಲ್ಲಿ ಗೋಲ್ಕೊಂಡವು ಔರಂಗಜೇಬನ ವಶವಾಯಿತು. ಆ ಅರಮನೆಗಳು ಇಂದು ಉಳಿದಿಲ್ಲ. ಕಮಾನುಗಳೇನೋ ನಿಂತಿವೆ, ಅವುಗಳ ನಡುವಣ ಬಯಲನ್ನು ಅಂಗಡಿಸಾಲುಗಳು ಆವರಿಸಿವೆ.

2019ರ ಮೇ ತಿಂಗಳಲ್ಲಿ ಮಿನಾರೊಂದರಿಂದ ಗಾರೆಯ ಅಲಂಕರಣದ ತುಂಡು ಕಳಚಿಬಿದ್ದಾಗ ಎಲ್ಲರೂ ಗಾಬರಿಗೊಂಡರು. ಅದು ಸಹಜವೇ. ಆದರೆ ಕಲ್ಲುಗಾರೆಯ ನಷ್ಟ ಕಣ್ಣಿಗೆ ಬೀಳುವಂತೆ ಬಯಲಿನ ನಷ್ಟ ಬೀಳುವುದಿಲ್ಲ. ಯಾರೂ ಏನನ್ನೂ ಕೆಡವದೆಯೇ ಒಂದು ಚೌಕ ಇಲ್ಲವಾಗಬಹುದು. ಹಾಗೆಂದು ವ್ಯಾಪಾರಿಗಳನ್ನೆಲ್ಲ ಎಬ್ಬಿಸಿ ಸ್ಥಳವನ್ನು ಬರಿದು ಮಾಡುವುದೂ ಪರಿಹಾರವಲ್ಲ. ಪೇಟೆಯೇ ಈ ಚೌಕದ ಜೀವಾಳ. ವಾಹನಗಳನ್ನು ದೂರವಿರಿಸಿ, ಕೊಳ್ಳುವವರಿಗೂ ಮಾರುವವರಿಗೂ ನಡೆದಾಡಲು ನೆಲವನ್ನು ಉಳಿಸಿಕೊಡುವುದೇ ನಿಜವಾದ ಸಂರಕ್ಷಣೆ.

ಇದರಲ್ಲಿ ಕನ್ನಡದ ಅಧ್ಯೇತೃಗಳಿಗೇನು ಕೆಲಸವೆಂಬ ಪ್ರಶ್ನೆ ಏಳಬಹುದು. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿ. 2019ರಲ್ಲಿ ಆ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಯಿತು. ಹೆಸರು ಬದಲಾದ ಮಾತ್ರಕ್ಕೆ ಹಿಂದಿನ ನಂಟು ಅಳಿಯಲಾರದು. ಅದಕ್ಕೂ ಹಿಂದೆ ಹೋದರೆ, ಕುತುಬ್ ಷಾಹಿ ಮನೆತನದ ಮೂಲಪುರುಷ ಬೀದರಿನ ಬಹಮನಿ ಸುಲ್ತಾನರ ಅಧಿಕಾರಿಯಾಗಿದ್ದವನು. ಬೀದರಿನ ಹಳೆಯ ಪೇಟೆಯಲ್ಲಿಯೂ ನಾಲ್ಕು ದಾರಿಗಳು ಕೂಡುವೆಡೆ ಚೌಬಾರ ಎಂಬ ದುಂಡನೆಯ ಗೋಪುರ ನಿಂತಿದೆ. ಒಂದು ಇನ್ನೊಂದರ ಅನುಕರಣೆಯೆಂದು ಅವಸರದಲ್ಲಿ ತೀರ್ಮಾನಿಸಬೇಕಾಗಿಲ್ಲ. ಆದರೆ ದಖನಿನ ನಗರಗಳು ತಮ್ಮ ನಡುವನ್ನು ಹೇಗೆ ಕಲ್ಪಿಸಿಕೊಂಡವೆಂಬುದನ್ನು ತಿಳಿಯಲು ಇವೆರಡನ್ನೂ ಒಟ್ಟಿಗೆ ಓದುವುದು ಅಗತ್ಯ.

ಕನ್ನಡದ ವಿದ್ವತ್ತು ಶಾಸನ, ದೇಗುಲ, ಕಾವ್ಯಗಳ ಅಧ್ಯಯನದಲ್ಲಿ ತೋರಿದ ಶ್ರದ್ಧೆ ಅಸಾಧಾರಣವಾದುದು. ಅದೇ ಶ್ರದ್ಧೆ ಪೇಟೆ, ಚೌಕ, ಹಾದಿಗಳತ್ತಲೂ ಹರಿಯಬೇಕಾಗಿದೆ. ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಈ ಕೆಲಸ ಮನೆಯ ಬಾಗಿಲಲ್ಲೇ ಇದೆ. ಉರ್ದು ಬಲ್ಲ ಸಹಪಾಠಿಯೊಬ್ಬರೊಡನೆ ಗುಲ್ಜಾರ್ ಹೌಜಿನಲ್ಲಿ ಕಳೆಯುವ ಒಂದು ದಿನವೂ ಅದಕ್ಕೆ ತಕ್ಕ ಆರಂಭವಾದೀತು.