ನಿಲ್ಲಿಸಿದರೂ ಆರದ ಒಲೆ



ಕೈಗಾ ಬೇಕು ಎನ್ನುವವರ ಭಾಷಣ ಕೇಳಿದ್ದೀರಿ. ಬೇಡ ಎನ್ನುವವರ ಘೋಷಣೆಯನ್ನೂ ಕೇಳಿದ್ದೀರಿ. ಆದರೆ ಕಾರವಾರ ತಾಲ್ಲೂಕಿನ ಕಾಡಿನ ನಡುವೆ, ಕಾಳಿ ನದಿಯ ದಡದಲ್ಲಿ ನಿಂತಿರುವ ಆ 4 ಘಟಕಗಳ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ಯಾರಾದರೂ ನಿಮಗೆ ಬಿಡಿಸಿ ಹೇಳಿದ್ದಾರೆಯೇ? ಇದು ಎಂಜಿನಿಯರುಗಳಿಗಷ್ಟೇ ಮೀಸಲಾದ ಗುಟ್ಟಲ್ಲ. ಕನ್ನಡದಲ್ಲೇ ಹೇಳಬಹುದು, ಕೇಳಿ.

ಅಣುಸ್ಥಾವರವೆಂದರೆ ನೀರು ಕಾಯಿಸುವ ಒಲೆ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿದು ನೀರು ಉಗಿಯಾಗುತ್ತದೆ. ಕೈಗಾದಲ್ಲಿ ಯುರೇನಿಯಂ ಪರಮಾಣು ಸೀಳಿ ಆ ಶಾಖ ಹುಟ್ಟುತ್ತದೆ. ನ್ಯೂಟ್ರಾನ್ ಬಡಿದರೆ ಪರಮಾಣು ಒಡೆಯುತ್ತದೆ, ಎರಡು ಮೂರು ಹೊಸ ನ್ಯೂಟ್ರಾನ್‌ಗಳು ಚಿಮ್ಮುತ್ತವೆ, ಅವು ಮತ್ತಷ್ಟು ಪರಮಾಣುಗಳನ್ನು ಒಡೆಯುತ್ತವೆ. ಅವುಗಳ ಓಟ ತಗ್ಗಿಸಿ ಈ ಸರಪಳಿ ಕಡಿಯದಂತೆ ಕಾಯುವುದು ಭಾರಜಲ. ಇಂಧನದ ಶಾಖ ಹೊತ್ತೊಯ್ಯುವುದೂ ಭಾರಜಲವೇ. ಆ ಶಾಖದಿಂದ ಬೇರೆ ಕೊಳವೆಯ ಸಾದಾ ನೀರು ಉಗಿಯಾಗಿ ಟರ್ಬೈನ್ ತಿರುಗಿಸುತ್ತದೆ. ಒಂದೊಂದು ಘಟಕದ್ದು 220 ಮೆಗಾವ್ಯಾಟ್.

ಇಲ್ಲಿಯವರೆಗೆ ಸರಳ. ಅಸಲು ವಿಷಯ ಮುಂದಿದೆ.

ಕಲ್ಲಿದ್ದಲು ಹಾಕುವುದು ನಿಲ್ಲಿಸಿದರೆ ಬೆಂಕಿ ಆರುತ್ತದೆ. ಅಣುಸ್ಥಾವರದಲ್ಲೂ ನ್ಯೂಟ್ರಾನ್ ನುಂಗುವ ಸರಳುಗಳು ಕೆಲವೇ ಸೆಕೆಂಡುಗಳಲ್ಲಿ ಒಳಗೆ ಬಿದ್ದು ಸರಪಳಿಯನ್ನು ನಿಲ್ಲಿಸುತ್ತವೆ. ಒಲೆ ಮಾತ್ರ ಆರುವುದಿಲ್ಲ! ಒಡೆದ ಪರಮಾಣುವಿನ ಚೂರುಗಳು ವಿಕಿರಣ ಸೂಸುತ್ತಾ ಕಾಯುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ಶೇ. 6ರಷ್ಟು ಉಳಿದಿರುತ್ತದೆ. ಕೈಗಾದ ಒಂದು ಘಟಕಕ್ಕೆ ಲೆಕ್ಕ ಹಾಕಿದರೆ ಸುಮಾರು 45 ಮೆಗಾವ್ಯಾಟ್. ಅಂದರೆ 20 ಸಾವಿರಕ್ಕೂ ಹೆಚ್ಚು ಮನೆಯ ಗೀಸರುಗಳು ಒಟ್ಟಿಗೆ ಕಾದಷ್ಟು. ದಿನ ಕಳೆದರೂ ಶೇ. ಅರ್ಧದಷ್ಟು ಇರುತ್ತದೆ. ನೀರು ಹರಿಯುತ್ತಿದ್ದರೆ ಕ್ಷೇಮ. ನಿಂತರೆ ಇಂಧನ ಕರಗುತ್ತದೆ.

ಜಪಾನಿನ ಫುಕುಶಿಮಾದಲ್ಲಿ ಆದದ್ದು ಇದೇ. 2011ರ ಮಾರ್ಚ್ 11ರಂದು ಭೂಕಂಪವಾದೊಡನೆ ರಿಯಾಕ್ಟರುಗಳು ತಾವಾಗಿಯೇ ನಿಂತವು. ಸುಮಾರು ಒಂದು ಗಂಟೆಯಲ್ಲಿ ಸುನಾಮಿ ಬಂದು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು. ತಂಪುಮಾಡುವ ವ್ಯವಸ್ಥೆ ಕೈಕೊಟ್ಟಿತು, 3 ರಿಯಾಕ್ಟರುಗಳ ಇಂಧನ ಕರಗಿತು.

ನಮ್ಮ ದೇಶದಲ್ಲಿ? ಉತ್ತರ ಪ್ರದೇಶದ ನರೋರಾದಲ್ಲಿರುವುದು ಕೈಗಾದ್ದೇ ಜಾತಿಯ ರಿಯಾಕ್ಟರು. 1993ರ ಮಾರ್ಚ್ 31ರಂದು ಅಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಎದ್ದಿತು. ಕೇಬಲ್‌ಗಳು ಸುಟ್ಟು ಸುಮಾರು 17 ಗಂಟೆ ಸ್ಥಾವರಕ್ಕೆ ವಿದ್ಯುತ್ತೇ ಇರಲಿಲ್ಲ. ವಿದ್ಯುತ್ ತಯಾರಿಸುವ ಜಾಗದಲ್ಲೇ ಕತ್ತಲೆ! ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಅಲ್ಲಿನ ಸಿಬ್ಬಂದಿ ರಿಯಾಕ್ಟರನ್ನು ಉಳಿಸಿದರು. ವಿಕಿರಣ ಹೊರಗೆ ಸೋರಲಿಲ್ಲ. ಆ ಕೆಲಸಗಾರರಿಗೆ ನಮಸ್ಕಾರ ಹೇಳೋಣ, ಆ ಬೆಂಕಿಯ ಪಾಠವನ್ನೂ ನೆನಪಿಡೋಣ.

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ಓಡಿ ದಾಖಲೆ ಬರೆಯಿತು. ಹೆಮ್ಮೆಪಡಿ, ತಪ್ಪೇನಿಲ್ಲ. ಆದರೆ ಓಡಿದ ದಿನಗಳ ಲೆಕ್ಕ ಒಂದೇ ಸಾಲದು. ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲೇ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆಗಳು ಇವು: ಹೊರಗಿನ ವಿದ್ಯುತ್ತೂ ಡೀಸೆಲ್ಲೂ ಎರಡೂ ಕೈಕೊಟ್ಟರೆ ಎಷ್ಟು ಗಂಟೆ ತಡೆಯುತ್ತದೆ? ಆಗ ನೀರು ಎಲ್ಲಿಂದ, ಯಾವ ದಾರಿಯಲ್ಲಿ ಬರುತ್ತದೆ? ಕದ್ರಾ, ಮಲ್ಲಾಪುರದ ಜನ ಯಾವ ರಸ್ತೆ ಹಿಡಿಯಬೇಕು? ಆ ಸೂಚನೆ ಅವರ ಮನೆಯಲ್ಲಿ ಕನ್ನಡದಲ್ಲಿ ಇದೆಯೇ?

ಪರವಾಗಿ ನಿಲ್ಲಿ, ವಿರುದ್ಧವಾಗಿ ನಿಲ್ಲಿ, ಅದು ನಿಮ್ಮ ಹಕ್ಕು. ಆದರೆ ಆ ಒಲೆಯ ಗುಣ ತಿಳಿದು ನಿಲ್ಲಿ. ತಿಳಿಯದವನ ಜೈಕಾರಕ್ಕೂ ಬೆಲೆಯಿಲ್ಲ, ಧಿಕ್ಕಾರಕ್ಕೂ ಬೆಲೆಯಿಲ್ಲ. ನಿಲ್ಲಿಸಿದ ಮೇಲೆ ತಂಪುಮಾಡುವವರು ಯಾರು, ಹೇಗೆ? ಅಧಿಕಾರಿ ಎದುರಿಗೆ ಸಿಕ್ಕಾಗ ಮೊದಲು ಇದನ್ನು ಕೇಳಿ. ಕನ್ನಡದಲ್ಲೇ ಕೇಳಿ, ಉತ್ತರ ಬರುವವರೆಗೂ ಕೇಳಿ.