ತಾಲ್ಲೂಕಿಗೊಬ್ಬ ಮಕ್ಕಳ ಫಿಸಿಯೋಥೆರಪಿಸ್ಟ್ ಬೇಕು

"ಅವರಪ್ಪನೂ ತಡಾನೇ ನಡೆದಿದ್ದು, ನಡೀತಾನ್ ಬಿಡ್ರಿ." ಮಗುವಿಗೆ ಒಂದೂವರೆ ವರ್ಷವಾದರೂ ಹೆಜ್ಜೆ ಇಡದಿದ್ದಾಗ ನಮ್ಮ ಕಡೆ ಮನೆಯ ಹಿರಿಯರು ಹೇಳುವ ಸಮಾಧಾನ ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಊರುಗಳಲ್ಲಿ ಮಕ್ಕಳಿಗೆ ಫಿಸಿಯೋಥೆರಪಿ ಮಾಡುತ್ತ ಓಡಾಡುವ ನನಗೆ ಈ ಮಾತು ಕಿವಿಗೆ ಬೀಳದ ವಾರವಿಲ್ಲ. ಎಷ್ಟೋ ಮಕ್ಕಳ ವಿಷಯದಲ್ಲಿ ಹಿರಿಯರ ಮಾತು ನಿಜವೇ ಆಗುತ್ತದೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮನೆಯಲ್ಲೂ ಇದೇ ಮಾತು ನಡೆಯುತ್ತದೆ. ಆ ಮಗುವಿಗೆ ಹೀಗೆ ಕಳೆದುಹೋಗುವ ತಿಂಗಳುಗಳೇ ಎಲ್ಲಕ್ಕಿಂತ ಬೆಲೆಯುಳ್ಳವು.

ಹುಟ್ಟುವ ಮೊದಲು, ಹೆರಿಗೆಯ ಹೊತ್ತಿಗೆ ಅಥವಾ ಹುಟ್ಟಿದ ಹೊಸದರಲ್ಲಿ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲುಗಳ ಹಿಡಿತ ತಪ್ಪುವುದು ಸೆರೆಬ್ರಲ್ ಪಾಲ್ಸಿ. ದಿನ ತುಂಬದೆ ಹುಟ್ಟಿದ್ದು, ಹುಟ್ಟಿದ ಕೂಡಲೇ ಅಳದೇ ಇದ್ದದ್ದು, ಕಾಮಾಲೆ ವಿಪರೀತ ಏರಿದ್ದು, ಮೆದುಳಿಗೆ ಸೋಂಕು ತಗುಲಿದ್ದು, ಹೀಗೆ ಕಾರಣಗಳು ಹಲವು. ತಾಯಿ ಗ್ರಹಣ ನೋಡಿದ್ದು ಕಾರಣವಲ್ಲ, ಯಾರ ಶಾಪವೂ ಅಲ್ಲ. ಕೊಟ್ಟೂರು ಗುರುಬಸವೇಶ್ವರನಿಗೋ ಮೈಲಾರಲಿಂಗನಿಗೋ ಹೊತ್ತ ಹರಕೆಯನ್ನು ಬಿಡಿ ಎಂದು ನಾನು ಯಾವ ತಾಯಿಗೂ ಹೇಳಿಲ್ಲ. ಹರಕೆ ತೀರಿಸುವ ದಿನಕ್ಕೆ ಕಾಯದೆ ಕಸರತ್ತು ಇವತ್ತೇ ಶುರುವಾಗಲಿ ಎಂದಷ್ಟೇ ಹೇಳುತ್ತೇನೆ.

ಈ ಅವಸರಕ್ಕೆ ಆಧಾರವಿದೆ. ಕೆನಡಾದ ಒಂಟಾರಿಯೋದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 657 ಮಕ್ಕಳ ಬೆಳವಣಿಗೆಯನ್ನು ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕೂರುವುದು, ನಿಲ್ಲುವುದು, ನಡೆಯುವುದರಲ್ಲಿ ಈ ಮಕ್ಕಳು ಎಷ್ಟು ಮುಟ್ಟಬಲ್ಲರೋ ಅದರ ಶೇ 90ರಷ್ಟನ್ನು ತೊಂದರೆ ಕಡಿಮೆಯಿರುವ ಮಗು ಸುಮಾರು ಐದು ವರ್ಷದೊಳಗೆ ಮುಟ್ಟುತ್ತದೆ. ತೀವ್ರ ತೊಂದರೆಯಿರುವ ಮಗು ಮೂರು ತುಂಬುವ ಮೊದಲೇ ಮುಟ್ಟಿರುತ್ತದೆ. ಆಮೇಲೆ ಮಾಡುವ ಕೆಲಸ ವ್ಯರ್ಥವೇನಲ್ಲ. ಕೀಲು ಬಿಗಿಯದಂತೆ, ಸೊಂಟದ ಕೀಲು ಜಾರದಂತೆ ಕಾಯುವುದು ಬದುಕಿರುವಷ್ಟು ದಿನದ ಕೆಲಸ. ಆದರೂ ಏಳು ವರ್ಷದ ಮಗುವನ್ನು ಮೊದಲ ಸಲ ನನ್ನ ಮುಂದೆ ಮಲಗಿಸಿದಾಗ, ಗಟ್ಟಿಯಾಗಿಹೋದ ಹಿಮ್ಮಡಿಯ ಸ್ನಾಯುರಜ್ಜು ನನ್ನ ಕೈಗೆ ಸಿಕ್ಕಾಗ, ಸಂಕಟವಾಗುತ್ತದೆ.

ಮಗು ಯಾರ ಕಣ್ಣಿಗೂ ಬಿದ್ದಿಲ್ಲವೆಂದಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಗುರುತಿಸುವುದೂ ಅದರ ಕೆಲಸ. ಗುರುತಿಸಿದ ಮೇಲೆ ಕೈಗೆ ಬರುವುದು ದೊಡ್ಡ ಆಸ್ಪತ್ರೆಗೆ ಬರೆದ ಚೀಟಿ. ಆಮೇಲೆ ಅಂಗವಿಕಲರ ಶಿಬಿರ, ಶೇಕಡಾವಾರು ಲೆಕ್ಕ, ಯುಡಿಐಡಿ ಗುರುತಿನ ಕಾರ್ಡು, ಮಾಸಾಶನ. ಇವೆಲ್ಲ ಬೇಕು, ಬಡವರ ಮನೆಗೆ ಮಾಸಾಶನ ದೊಡ್ಡ ಆಸರೆ. ಆದರೆ ಮಗುವಿಗೆ ಶೇಕಡಾ ಎಷ್ಟು ವೈಕಲ್ಯ ಎಂದು ಅಳೆಯುವವರು ಸಿಗುತ್ತಾರೆ, ಕುತ್ತಿಗೆ ನಿಲ್ಲುವ ಹಾಗೆ ಕೂರಿಸುವುದನ್ನು ತಾಯಿಗೆ ಕಲಿಸುವವರು ಸಿಗುವುದಿಲ್ಲ. ಶಿಬಿರದಲ್ಲಿ ಸಿಕ್ಕ ದೊಡ್ಡವರ ಗಾಲಿಕುರ್ಚಿಯಲ್ಲಿ ನಾಲ್ಕು ವರ್ಷದ ಮಗು ಒಂದು ಮಗ್ಗುಲಿಗೆ ಜಾರಿ ಬಿದ್ದಿರುವುದನ್ನು ಹರಪನಹಳ್ಳಿ ಕಡೆಯ ಒಂದು ತಾಂಡಾದಲ್ಲಿ ಕಂಡಿದ್ದೇನೆ. ಬೆನ್ನು ಇನ್ನಷ್ಟು ಸೊಟ್ಟಗಾಗಲು ಅದೇ ಸಾಕು.

ಇಷ್ಟಕ್ಕೂ ಈ ಚಿಕಿತ್ಸೆಯ ಬಹುಭಾಗಕ್ಕೆ ಯಂತ್ರ ಬೇಡ. ಹಡಗಲಿಯ ಹೊಳೆದಂಡೆಯ ಊರೊಂದರಲ್ಲಿ ಎರಡು ವರ್ಷದ ಹುಡುಗಿಯ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದಿದ್ದವು. ಮಗುವಿಗೆ ನೋವಾದೀತೆಂದು ಮನೆಯವರು ಅವಳನ್ನು ಎರಡೂ ಕೈಮೇಲೆ ಅಡ್ಡಡ್ಡ ಮಲಗಿಸಿಕೊಂಡೇ ಎತ್ತುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ತಲೆತಲಾಂತರದಿಂದ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ಹಾಗೆ ಇವಳನ್ನೂ ಕೂರಿಸಿಕೊಳ್ಳಿ ಎಂದೆ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ತೊಡೆಗಳು ತಾವಾಗಿ ಅಗಲವಾಗುತ್ತವೆ, ಬೆನ್ನು ನೆಟ್ಟಗಾಗುತ್ತದೆ, ಮಗು ಬೀದಿಯನ್ನೂ ಜನರನ್ನೂ ನೋಡುತ್ತದೆ. ಅಜ್ಜಿಗೆ ಇದು ಕೂಡಲೇ ಹಿಡಿಸಿತು. ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯುವ ಹೊತ್ತಿನಲ್ಲಿ ಬಿಗಿದ ಕಾಲು ಸಡಿಲುತ್ತದೆ, ಆಗ ನಿಧಾನವಾಗಿ ಬಿಡಿಸಿ ಎಂದು ತೋರಿಸಿಕೊಟ್ಟೆ. ಮಲಗಿಸಿ ಗಂಜಿ ಹಾಕುವುದನ್ನು ನಿಲ್ಲಿಸಿದೆವು. ಅಂಗಾತ ಮಲಗಿದ ಮಗುವಿಗೆ ಉಣಿಸಿದರೆ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಈ ಮಕ್ಕಳ ಜೀವಕ್ಕೆ ಎರವಾಗುವುದು ಎಷ್ಟೋ ಸಲ ಅದೇ. ಊರಿನ ಬಡಿಗೇರರು ಬೇವಿನ ಹಲಗೆಯಲ್ಲಿ ಮೂಲೆಗೆ ಒರಗುವ ಕುರ್ಚಿ ಮಾಡಿಕೊಟ್ಟರು, ಹಳೆ ಸೀರೆಯ ಅಂಚು ಎದೆಪಟ್ಟಿಯಾಯಿತು. ಅದರಲ್ಲಿ ಕೂತು ಅವಳು ಎರಡೂ ಕೈಯಲ್ಲಿ ಮಂಡಕ್ಕಿ ಹೆಕ್ಕಿ ತಿನ್ನಲು ಕಲಿತಳು. ಬೆರಳುಗಳಿಗೆ ಅದಕ್ಕಿಂತ ಒಳ್ಳೆಯ ಕಸರತ್ತು ನನಗೂ ಗೊತ್ತಿಲ್ಲ.

ಆದರೆ ಇದನ್ನು ಒಂದು ಸಲ ತೋರಿಸಿ ಬಂದರೆ ಸಾಲದು. ಮಗು ಬೆಳೆದಂತೆ ಕುರ್ಚಿ ಬದಲಾಗಬೇಕು, ಗುರಿ ಬದಲಾಗಬೇಕು, ಬೂಟು–ಪಟ್ಟಿಯ ಅಳತೆ ಬದಲಾಗಬೇಕು. ವಾರಕ್ಕೊಮ್ಮೆ, ಕಡೇಪಕ್ಷ ಹದಿನೈದು ದಿನಕ್ಕೊಮ್ಮೆ, ಬಲ್ಲವರ ಕೈ ಮಗುವನ್ನು ಮುಟ್ಟಬೇಕು. ಅದಕ್ಕಾಗಿ ಬಳ್ಳಾರಿಗೋ ದಾವಣಗೆರೆಗೋ ಹೋಗಿಬನ್ನಿ ಎನ್ನುವುದು ಸುಲಭ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ತಾಯಿಗೆ ಟಿಕೆಟ್ ಇಲ್ಲ, ನಿಜವಾಗಿಯೂ ಉಪಕಾರವಾಗಿದೆ. ಆದರೆ ಆ ದಿನದ ಕೂಲಿ ಹೋಗುತ್ತದೆ. ಎರಡು ಬಸ್ಸು ಬದಲಿಸಿ, ನಿಂತು, ಬಿಗಿದ ಮೈಯ ಎಂಟು ವರ್ಷದ ಹುಡುಗನನ್ನು ಹೊತ್ತು ಹೋಗುವ ತಾಯಿಯ ಬೆನ್ನು ಎಷ್ಟು ದಿನ ಬಂದೀತು? ಸುಗ್ಗಿ ಮುಗಿದ ಮೇಲೆ ಮಂಡ್ಯದ ಕಬ್ಬಿನ ಗದ್ದೆಗೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗಂತೂ ಆರು ತಿಂಗಳಲ್ಲಿ ಗಳಿಸಿದ್ದೆಲ್ಲ ಕೈಬಿಟ್ಟು ಹೋಗುತ್ತದೆ.

2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು, ಈ ಐದೂ ತಾಲ್ಲೂಕುಗಳು ಅದರಲ್ಲಿ ಸೇರಿದವು. ನಾನು ಕೇಳುವುದು ಇಷ್ಟು. ಐದೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಮಕ್ಕಳಿಗೆಂದೇ ಒಬ್ಬೊಬ್ಬ ಕಾಯಂ ಫಿಸಿಯೋಥೆರಪಿಸ್ಟ್ ಇರಲಿ, ವಾರದಲ್ಲಿ ಎರಡು ದಿನ ಅವರು ಹಳ್ಳಿಗೆ ಹೋಗಲಿ, ಹೋಗಲು ವಾಹನ ಇರಲಿ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ತಾವೇ ಅಂಗವಿಕಲರಾಗಿದ್ದು, ಅಲ್ಪ ಗೌರವಧನದಲ್ಲಿ ಮನೆಮನೆಗೆ ತಿರುಗುವವರು. ಅರ್ಜಿ ತುಂಬಿಸುವ ಕೆಲಸದ ಜೊತೆಗೆ ಮಗುವನ್ನು ಕೂರಿಸುವ, ಎತ್ತುವ, ಉಣಿಸುವ ತರಬೇತಿಯನ್ನೂ ಅವರಿಗೆ ಕೊಡಿ, ಅದಕ್ಕೆ ತಕ್ಕ ಸಂಬಳವನ್ನೂ ಕೊಡಿ.

ದುಡ್ಡಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಂವಿಧಾನದ 371(ಜೆ) ವಿಧಿಯಡಿ ವಿಶೇಷ ಸವಲತ್ತಿರುವ ಪ್ರದೇಶ ನಮ್ಮದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಇಲ್ಲಿಗೆ ಬರುತ್ತದೆ. ಗಣಿ ಕಂಪನಿಗಳಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಸೇರುತ್ತದೆ. ಗಣಿಯಿಂದ ಬಾಧಿತವಾದ ಪ್ರದೇಶಗಳಲ್ಲಿ ಆ ಹಣವನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂದು ಕೇಂದ್ರದ ಮಾರ್ಗಸೂಚಿ ಹೇಳುವಾಗ ಆರೋಗ್ಯ ಮತ್ತು ಅಂಗವಿಕಲರ ಕಲ್ಯಾಣ ಎರಡೂ ಆ ಪಟ್ಟಿಯಲ್ಲಿವೆ. ಕಟ್ಟಡಕ್ಕೆ, ರಸ್ತೆಗೆ ಕ್ರಿಯಾಯೋಜನೆ ಬರೆಯುವ ಅಧಿಕಾರಿಗಳು ಐದು ಜನರ ಸಂಬಳಕ್ಕೂ ಒಂದು ಸಾಲು ಬರೆಯಲಿ. ನಮ್ಮ ಶಾಸಕರು ಅದನ್ನು ಕೇಳಿ ಬರೆಸಲಿ.

ಅಲ್ಲಿಯವರೆಗೆ ಮನೆಯವರಲ್ಲಿ ಒಂದು ಬೇಡಿಕೆ. ಐದು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಬಿಗಿದೇ ಇದ್ದರೆ, ಎತ್ತಿದಾಗ ಕಾಲು ಕತ್ತರಿಯಾದರೆ, ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ, ಒಂಬತ್ತು ತಿಂಗಳಾದರೂ ಕೂರದಿದ್ದರೆ, ಅದೇ ವಾರ ಆಶಾ ಕಾರ್ಯಕರ್ತೆಗೆ ಹೇಳಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹೆರಿಗೆ ಆಸ್ಪತ್ರೆಯ ಚೀಟಿ, ತಾಯಿ ಕಾರ್ಡು ಜೊತೆಯಲ್ಲಿರಲಿ. ಅಜ್ಜಿಯೂ ಬರಲಿ, ದಿನವೂ ಮಗುವಿಗೆ ನೀರೆರೆಯುವವರು ಅವರೇ ತಾನೆ.